ಡಿಸೆಂಬರಿನ ಎರಡು ಗಂಟೆ: ಕಾನೂನು ಶಾಲೆಯ ಬಾಗಿಲಲ್ಲಿ ಕನ್ನಡದ ಮಕ್ಕಳು

ದ್ವಿತೀಯ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ಕ್ಲಾಟ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಹಿಡಿದುಕೊಂಡು ನನ್ನ ಬಳಿ ಬಂದಿದ್ದಳು. ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮೊದಲ ಗದ್ಯಭಾಗದ ತುಂಬ ಪೆನ್ಸಿಲಿನ ಅಡಿಗೆರೆಗಳು, ಅಂಚಿನಲ್ಲಿ ನಿಘಂಟು ನೋಡಿ ಬರೆದುಕೊಂಡ ಅರ್ಥಗಳು. ಎಣಿಸಿದೆ: ಇಪ್ಪತ್ತೇಳು ಪದ. ಅದೊಂದಕ್ಕೇ ನಲವತ್ತು ನಿಮಿಷ ಹಿಡಿಯಿತು ಎಂದಳು. ಐದು ಪ್ರಶ್ನೆಗಳಲ್ಲಿ ಸರಿಯಾಗಿದ್ದದ್ದು ಒಂದು. "ಸರ್, ಕಾನೂನು ಓದುವಷ್ಟು ಬುದ್ಧಿ ನನಗಿಲ್ಲವೇನೋ" ಎಂದು ತಲೆ ತಗ್ಗಿಸಿದಳು.

ಪತ್ರಿಕೆಯನ್ನು ಪಕ್ಕಕ್ಕಿಟ್ಟು ಅದೇ ಮಾದರಿಯ ಒಂದು ಸಮಸ್ಯೆಯನ್ನು ಕನ್ನಡದಲ್ಲಿ ಹೇಳಿದೆ. ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದ ಹುಟ್ಟಿನಿಂದಲೇ ಶೂನ್ಯ. ವಯಸ್ಸಿನ ಬಗ್ಗೆ ಸುಳ್ಳು ಹೇಳಿದ್ದರೂ ಅದನ್ನು ಅವರ ಮೇಲೆ ಜಾರಿ ಮಾಡಲಾಗದು. ಇಷ್ಟು ನಿಯಮ. ಈಗ ಹದಿನೇಳರ ಹುಡುಗನೊಬ್ಬ ತನಗೆ ಹತ್ತೊಂಬತ್ತು ಎಂದು ನಂಬಿಸಿ ಅಂಗಡಿಯವನಿಂದ ಸಾಲಕ್ಕೆ ಬೈಕ್ ಕೊಂಡಿದ್ದಾನೆ. ಹಣ ಕೊಟ್ಟಿಲ್ಲ. ಅಂಗಡಿಯವನು ದಾವೆ ಹೂಡಿದರೆ ಹಣ ವಸೂಲಾಗುತ್ತದೆಯೇ?

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಸುಳ್ಳು ಹೇಳಿದವನು ಅವನು, ಹಣ ಕೊಡಬೇಕು ಅನ್ನಿಸುತ್ತದೆ. ಆದರೆ ನೀವು ಹೇಳಿದ ನಿಯಮದ ಪ್ರಕಾರ ಅಂಗಡಿಯವನು ಗೆಲ್ಲುವುದಿಲ್ಲ." ಸರಿ, ಹುಡುಗ ಹದಿನೆಂಟು ತುಂಬಿದ ಮೇಲೆ ಆ ಹಳೆಯ ಒಪ್ಪಂದಕ್ಕೆ ಒಪ್ಪಿಗೆ ಇದೆ ಎಂದು ಬರೆದುಕೊಟ್ಟರೆ? "ಬುಡವೇ ಇಲ್ಲದ್ದಕ್ಕೆ ಆಮೇಲೆ ಒಪ್ಪಿಗೆ ಕೊಟ್ಟರೆ ಏನು ಬಂತು, ಸರ್?" ಕಾನೂನು ವಿದ್ಯಾರ್ಥಿಗಳು ಇದೇ ಮಾತನ್ನು 1872ರ ಒಪ್ಪಂದ ಕಾಯ್ದೆಯ 11ನೆಯ ಕಲಮು ಮತ್ತು 1903ರ ಮೋಹರಿ ಬೀಬಿ ಪ್ರಕರಣದ ಜೊತೆ ತರಗತಿಯಲ್ಲಿ ಕಲಿಯುತ್ತಾರೆ. ಇವಳು ಅದನ್ನು ಹಾದಿಯಲ್ಲಿ ಸಿಕ್ಕ ಕಲ್ಲಿನಂತೆ ಎತ್ತಿ ಕೈಗೆ ಕೊಟ್ಟಳು. ಹೀಗೆ ಕೇಳಿದ ಐದು ಪ್ರಶ್ನೆಗಳಲ್ಲಿ ನಾಲ್ಕು ಸರಿ. ತಪ್ಪಿದ್ದು ಕೊನೆಯದು. ಬೈಕ್ ಇನ್ನೂ ಹುಡುಗನ ಮನೆಯ ಮುಂದೆಯೇ ನಿಂತಿದೆ, ಅದನ್ನಾದರೂ ಅವನು ಹಿಂದಿರುಗಿಸಬೇಕೇ ಎಂದು ಕೇಳಿದ್ದೆ. "ಖಂಡಿತ ಹಿಂದಿರುಗಿಸಬೇಕು" ಎಂದಳು. ನಾನು ಕೊಟ್ಟ ನಿಯಮದಲ್ಲಿ ಆ ಬಗ್ಗೆ ಒಂದು ಮಾತೂ ಇರಲಿಲ್ಲ. 'ಈ ಮಾಹಿತಿಯಿಂದ ನಿರ್ಧರಿಸಲಾಗದು' ಎಂಬುದು ಪರೀಕ್ಷೆ ಬಯಸುವ ಉತ್ತರ.

ಒಂದೇ ಹುಡುಗಿ, ಒಂದೇ ಬೆಳಗ್ಗೆ. ಇಂಗ್ಲಿಷಿನಲ್ಲಿ ಐದಕ್ಕೆ ಒಂದು, ಕನ್ನಡದಲ್ಲಿ ಐದಕ್ಕೆ ನಾಲ್ಕು. ಕ್ಲಾಟ್ ಎರಡು ಬೇರೆ ಸಾಮರ್ಥ್ಯಗಳನ್ನು ಒಟ್ಟಿಗೆ ಅಳೆಯುತ್ತದೆ. ಒಂದು ಕಾನೂನಿನ ತರ್ಕ, ಇನ್ನೊಂದು ವೇಗವಾಗಿ ಇಂಗ್ಲಿಷ್ ಓದುವ ಶಕ್ತಿ. ಅಳೆದ ಮೇಲೆ ಎರಡನ್ನೂ ಬೆರೆಸಿ ಒಂದೇ ರ‍್ಯಾಂಕ್ ಕೊಡುತ್ತದೆ. ಕಡಿಮೆ ಅಂಕ ಬಂದಾಗ ಕೊರತೆ ಯಾವುದರಲ್ಲಿತ್ತು ಎಂಬುದು ವಿದ್ಯಾರ್ಥಿಗೆ ಗೊತ್ತಾಗುವುದಿಲ್ಲ. ಕನ್ನಡ ಮಾಧ್ಯಮದ ಸಾವಿರಾರು ಮಕ್ಕಳು ತಮ್ಮ ಬುದ್ಧಿಯನ್ನೇ ಶಂಕಿಸಿ ಹಿಂದೆ ಸರಿಯುವುದು ಈ ಜಾಗದಲ್ಲಿ. ತಯಾರಿಯ ಬಗ್ಗೆ ನಾನು ಹೇಳಬೇಕಾದದ್ದೆಲ್ಲ ಈ ಎರಡನ್ನು ಬೇರ್ಪಡಿಸುವುದರಿಂದ ಶುರುವಾಗುತ್ತದೆ.

ಪರೀಕ್ಷೆಯ ಸ್ವರೂಪ ಹೀಗಿದೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪರಂಪರೆ ಆರಂಭವಾದದ್ದು ಬೆಂಗಳೂರಿನಲ್ಲೇ. 1986ರ ರಾಜ್ಯ ಕಾಯ್ದೆಯಿಂದ ರೂಪುಗೊಂಡ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಿತು. ಬೇರೆ ರಾಜ್ಯಗಳೂ ಅದೇ ಮಾದರಿ ಹಿಡಿದವು. ಒಂದೊಂದು ಶಾಲೆಗೂ ಒಂದೊಂದು ಪ್ರವೇಶ ಪರೀಕ್ಷೆ ಬರೆಯುವ ಕಷ್ಟ ತಪ್ಪಿಸಲು 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಕ್ಲಾಟ್ ಆರಂಭಿಸಿದವು. ಈಗ ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಅದರೊಳಗಿವೆ, ಅವುಗಳ ಒಕ್ಕೂಟ ಪರೀಕ್ಷೆ ನಡೆಸುತ್ತದೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮಾತ್ರ ಐಲೆಟ್ ಎಂಬ ತನ್ನದೇ ಪರೀಕ್ಷೆ ಇಟ್ಟುಕೊಂಡಿದೆ.

2020ರಲ್ಲಿ ಪ್ರಶ್ನೆಗಳ ರೀತಿಯೇ ಬದಲಾಯಿತು. ಬಾಯಿಪಾಠದ ಸಾಮಾನ್ಯ ಜ್ಞಾನ ಹಿಂದೆ ಸರಿಯಿತು, ಗದ್ಯಭಾಗ ಓದಿ ಉತ್ತರಿಸುವ ಪ್ರಶ್ನೆಗಳು ಬಂದವು. 2024ರ ಪ್ರವೇಶಕ್ಕೆ ನಡೆದ ಪರೀಕ್ಷೆಯಿಂದ ಪ್ರಶ್ನೆಗಳ ಸಂಖ್ಯೆ 150ರಿಂದ 120ಕ್ಕೆ ಇಳಿದಿದೆ. ಸಮಯ ಎರಡು ಗಂಟೆ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಕಾನೂನು ತರ್ಕ ಮತ್ತು ಪ್ರಚಲಿತ ವಿದ್ಯಮಾನಕ್ಕೆ ತಲಾ 28ರಿಂದ 32 ಪ್ರಶ್ನೆ, ಇಂಗ್ಲಿಷ್ ಮತ್ತು ತಾರ್ಕಿಕ ವಿಭಾಗಕ್ಕೆ ತಲಾ 22ರಿಂದ 26, ಗಣಿತಕ್ಕೆ 10ರಿಂದ 14. ಒಂದೊಂದು ಗದ್ಯಭಾಗ ಸುಮಾರು 450 ಪದದವರೆಗೆ ಹೋಗುತ್ತದೆ, ಒಂದಕ್ಕೆ ಐದಾರು ಪ್ರಶ್ನೆ ಇರುತ್ತದೆ. ಲೆಕ್ಕ ಹಾಕಿದರೆ ಎರಡು ಗಂಟೆಯಲ್ಲಿ ಹತ್ತು ಸಾವಿರ ಪದಗಳ ಆಸುಪಾಸು ಓದಬೇಕು. ಉತ್ತರ ಯೋಚಿಸುವ ಸಮಯವೂ ಅದರೊಳಗೇ. ಇಂಗ್ಲಿಷ್ ವಿಭಾಗಕ್ಕೆ ಕಾಲು ಭಾಗ ಅಂಕವೂ ಇಲ್ಲ ಎಂದು ಕಾಗದದ ಮೇಲೆ ಕಾಣುತ್ತದೆ, ಆದರೆ ಗಣಿತದ ಪ್ರಶ್ನೆಯೂ ಇಂಗ್ಲಿಷ್ ಪರಿಚ್ಛೇದದೊಳಗೇ ಕುಳಿತಿರುವಾಗ ಇಡೀ ಪತ್ರಿಕೆಯೇ ಇಂಗ್ಲಿಷ್ ಓದಿನ ಪರೀಕ್ಷೆ.

ವೈದ್ಯಕೀಯಕ್ಕೆ ಹೋಗುವ ಮಕ್ಕಳು ನೀಟ್ ಅನ್ನು ಕನ್ನಡವೂ ಸೇರಿದಂತೆ ಹದಿಮೂರು ಭಾಷೆಗಳಲ್ಲಿ ಬರೆಯಬಹುದು. ಜೆಇಇ ಮೇನ್‌ಗೂ ಆ ಅವಕಾಶವಿದೆ. ಕ್ಲಾಟ್ ಮಾತ್ರ ಇಂಗ್ಲಿಷಿನಲ್ಲೇ ನಡೆಯುತ್ತದೆ. ಇದನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 2023ರಲ್ಲಿ ಭಾರತೀಯ ವಕೀಲರ ಪರಿಷತ್ತು ಪ್ರಾದೇಶಿಕ ಭಾಷೆಗಳ ಪರವಾಗಿ ನ್ಯಾಯಾಲಯದ ಮುಂದೆ ನಿಲುವು ತಿಳಿಸಿತು, ಒಕ್ಕೂಟ ತಜ್ಞರ ಸಮಿತಿಯ ಮಾತೆತ್ತಿತು.

ಒಕ್ಕೂಟದ ಕಡೆಯಿಂದ ಹೇಳಬಹುದಾದ ವಾದ ಹಗುರದ್ದಲ್ಲ. ಭೌತಶಾಸ್ತ್ರದ ಪ್ರಶ್ನೆಯನ್ನು ಅನುವಾದಿಸಿದಂತೆ ವಾದಸರಣಿಯೊಂದನ್ನು ಅನುವಾದಿಸಲಾಗದು. ಒಂದು ಪದ ಅತ್ತಿತ್ತ ಸರಿದರೆ ಸರಿ ಉತ್ತರವೇ ಬದಲಾಗಬಹುದು. ಆದರೆ ಇಂಗ್ಲಿಷಿನಲ್ಲೇ ಇದ್ದ ಪತ್ರಿಕೆ ಎಷ್ಟು ಸ್ಪಷ್ಟವಾಗಿತ್ತು? 2024ರ ಡಿಸೆಂಬರ್ 1ರಂದು ನಡೆದ ಪರೀಕ್ಷೆಯ ಉತ್ತರಗಳ ಮೇಲೆ ವ್ಯಾಜ್ಯ ಹೂಡಲಾಯಿತು. ದೆಹಲಿ ಹೈಕೋರ್ಟ್ ಕೆಲವು ಉತ್ತರಗಳನ್ನು ತಿದ್ದಿತು, ಕೊನೆಗೆ 2025ರ ಮೇ 7ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಡಬೇಕಾಯಿತು. ಮಕ್ಕಳು ತಿಂಗಳುಗಟ್ಟಲೆ ತಮ್ಮ ರ‍್ಯಾಂಕ್ ಯಾವುದೆಂದು ತಿಳಿಯದೆ ಕಾದರು. ಆ ದೋಷ ಹುಟ್ಟಿದ್ದು ಪ್ರಶ್ನೆ ರೂಪಿಸುವ ಎಚ್ಚರ ಸಾಲದೆ ಹೋದಾಗ. ಅನುವಾದಕ್ಕೂ ಅದಕ್ಕೂ ಸಂಬಂಧವಿಲ್ಲ. ನನ್ನ ಅಭಿಪ್ರಾಯ ಇಷ್ಟು: ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಇರಲಿ, ಕಾನೂನು ತರ್ಕ ಮತ್ತು ತಾರ್ಕಿಕ ವಿಭಾಗ ವಿದ್ಯಾರ್ಥಿಯ ಭಾಷೆಯಲ್ಲೂ ಸಿಗಲಿ. ಆ ಗದ್ಯಭಾಗಗಳನ್ನು ಯಂತ್ರಕ್ಕೆ ಕೊಟ್ಟು ತಿರುಗಿಸುವುದು ಬೇಡ, ಕನ್ನಡ ಬಲ್ಲ ವಕೀಲರು ಮತ್ತು ಅಧ್ಯಾಪಕರು ಬರೆಯಲಿ. ಆಗ ಎರಡು ಸಾಮರ್ಥ್ಯಗಳಿಗೂ ಬೇರೆ ಬೇರೆ ಅಂಕ ಬರುತ್ತದೆ. ಯಾರಿಗೆ ಏನು ಕಲಿಸಬೇಕೆಂಬುದು ಕಾನೂನು ಶಾಲೆಗೂ ತಿಳಿಯುತ್ತದೆ.

ವೃತ್ತಿಗೆ ಇಂಗ್ಲಿಷ್ ಬೇಕಲ್ಲವೇ ಎಂದು ಕೇಳುವವರಿದ್ದಾರೆ. ಬೇಕು. ಸಂವಿಧಾನದ 348ನೆಯ ವಿಧಿಯಂತೆ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳ ಕಲಾಪ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆದರೆ ಐದು ವರ್ಷಗಳ ಪದವಿಯ ಕೊನೆಗೆ ಬರಬೇಕಾದದ್ದನ್ನು ಮೊದಲ ದಿನವೇ ಹೊತ್ತು ತರಬೇಕೆಂದರೆ ಕಾಲೇಜು ಕಲಿಸುವುದೇನನ್ನು? ರಾಜ್ಯದ ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಕಕ್ಷಿದಾರ ಮಾತನಾಡುವುದು ಕನ್ನಡದಲ್ಲಿ. ಪಹಣಿ, ಕ್ರಯಪತ್ರ, ಮಹಜರು ಇರುವುದು ಕನ್ನಡದಲ್ಲಿ. ಪಾಟೀಸವಾಲಿನಲ್ಲಿ ಸಾಕ್ಷಿಯ ಬಾಯಿಂದ ಸತ್ಯ ಹೊರಡುವುದೂ ಕನ್ನಡದಲ್ಲೇ.

ಬೆಂಗಳೂರಿನ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡಾ 25 ಸೀಟು ಕೊಡಲು ಸರ್ಕಾರ ತಂದ ತಿದ್ದುಪಡಿಯನ್ನು ಹೈಕೋರ್ಟ್ 2020ರ ಸೆಪ್ಟೆಂಬರಿನಲ್ಲಿ ರದ್ದುಪಡಿಸಿತು. ಮರುವರ್ಷ ವಿಶ್ವವಿದ್ಯಾಲಯವೇ ತನ್ನ ಯೋಜನೆಯಡಿ, ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಅಷ್ಟೇ ಪ್ರಮಾಣದ ಮೀಸಲು ಜಾರಿಗೆ ತಂದಿತು. ಒಳ್ಳೆಯ ಹೆಜ್ಜೆಯೇ. ಆದರೆ ದುಬಾರಿ ಇಂಗ್ಲಿಷ್ ಶಾಲೆಯಲ್ಲಿ ಹತ್ತು ವರ್ಷ ಓದಿದ ನಗರದ ಮಗುವೂ ಸಿಂಧನೂರಿನ ಸರ್ಕಾರಿ ಶಾಲೆಯ ಮಗುವೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ರಾಜ್ಯದ ಸಿಇಟಿಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗೆ ಪ್ರತ್ಯೇಕ ಮೀಸಲು ಬಹಳ ವರ್ಷಗಳಿಂದ ಇದೆ. ಕಾನೂನು ಶಾಲೆಯಲ್ಲಿ ಆ ಬಗೆಯದು ಇಲ್ಲ.

ನಿಯಮ ಬದಲಾಗುವವರೆಗೆ ಕಾಯುತ್ತ ಕೂರುವಷ್ಟು ಸಮಯ ಈ ವರ್ಷ ಪಿಯುಸಿ ಓದುತ್ತಿರುವವರಿಗಿಲ್ಲ. ಅವರು ಮಾಡಬಹುದಾದದ್ದನ್ನು ಹೇಳುತ್ತೇನೆ. ತರ್ಕವನ್ನು ಕನ್ನಡದಲ್ಲಿ ಹರಿತ ಮಾಡಿಕೊಳ್ಳಿ, ಇಂಗ್ಲಿಷ್ ಓದನ್ನು ಅದರ ಪಕ್ಕದಲ್ಲಿ ಬೇರೆಯಾಗಿ ಬೆಳೆಸಿ. ದಿನಕ್ಕೊಂದು ಕನ್ನಡ ಸಂಪಾದಕೀಯ ತೆಗೆದುಕೊಂಡು ಮೂರು ಸಾಲು ಬರೆಯಿರಿ. ಬರೆದವರು ಸ್ಥಾಪಿಸಲು ಹೊರಟದ್ದು ಏನು, ಅದಕ್ಕೆ ಕೊಟ್ಟ ಕಾರಣ ಯಾವುದು, ಹೇಳದೆಯೇ ಒಪ್ಪಿಕೊಂಡದ್ದು ಯಾವುದು. ಮೂರನೆಯದು ಮೊದಮೊದಲು ಸಿಗುವುದೇ ಇಲ್ಲ. ಒಂದು ತಿಂಗಳು ಕಳೆದ ಮೇಲೆ ಅದು ಮೊದಲು ಕಣ್ಣಿಗೆ ಬೀಳತೊಡಗುತ್ತದೆ. ತಾರ್ಕಿಕ ವಿಭಾಗದ ಅರ್ಧ ಪ್ರಶ್ನೆಗಳು ಕೇಳುವುದು ಇದನ್ನೇ.

ಇಂಗ್ಲಿಷಿಗೆ ಕಠಿಣ ಪದಗಳ ಪಟ್ಟಿ ಬಾಯಿಪಾಠ ಮಾಡಿಸುವ ಪುಸ್ತಕಗಳನ್ನು ನಾನು ನಂಬುವುದಿಲ್ಲ. ಆ ಹುಡುಗಿ ಅಡಿಗೆರೆ ಹಾಕಿದ್ದ ಇಪ್ಪತ್ತೇಳು ಪದಗಳಲ್ಲಿ ಇಪ್ಪತ್ತರ ಅರ್ಥ ತಿಳಿಯದಿದ್ದರೂ ಉತ್ತರ ಕೊಡಬಹುದಿತ್ತು. ಅವಳು ಅಡಿಗೆರೆ ಹಾಕದೆ ದಾಟಿಹೋದ ಪುಟ್ಟ ಪದಗಳೇ ಅವಳನ್ನು ಕೆಡವಿದ್ದವು: 'ಅನ್‌ಲೆಸ್', 'ಪ್ರೊವೈಡೆಡ್ ದಟ್', 'ನಾಟ್‌ವಿತ್‌ಸ್ಟ್ಯಾಂಡಿಂಗ್'. ಕಾನೂನಿನ ವಾಕ್ಯ ತಿರುಗುವುದು ಈ ತಿರುಗಣಿಗಳ ಮೇಲೆ. ಇವುಗಳಿಗೆ ನಮ್ಮ ಕಾಯ್ದೆಗಳ ಕನ್ನಡದಲ್ಲಿ ಪಳಗಿದ ರೂಪಗಳಿವೆ: 'ಹೊರತು', 'ಪರಂತು', 'ಏನೇ ಒಳಗೊಂಡಿದ್ದರೂ'. ಸಂವಿಧಾನದ ಕನ್ನಡ ಪಠ್ಯವನ್ನೂ ಇಂಗ್ಲಿಷ್ ಪಠ್ಯವನ್ನೂ ಅಕ್ಕಪಕ್ಕ ಇಟ್ಟುಕೊಂಡು ಮೂಲಭೂತ ಹಕ್ಕುಗಳ ಭಾಗವನ್ನು ದಿನಕ್ಕೊಂದು ವಿಧಿಯಂತೆ ಓದಿದರೆ ಈ ಪದಗಳು ಪಟ್ಟಿಯಿಲ್ಲದೆಯೇ ಮನಸ್ಸಿಗಿಳಿಯುತ್ತವೆ. ಸುಪ್ರೀಂ ಕೋರ್ಟಿನ ಅನೇಕ ತೀರ್ಪುಗಳ ಕನ್ನಡ ಅನುವಾದ ಈಗ ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಇಡೀ ತೀರ್ಪು ಬೇಡ, ವಾಸ್ತವಾಂಶಗಳ ಭಾಗವನ್ನು ಕನ್ನಡದಲ್ಲಿ ಓದಿ, ಅದನ್ನೇ ಇಂಗ್ಲಿಷಿನಲ್ಲಿ ಓದಿ. ಕಥೆ ಮೊದಲೇ ಗೊತ್ತಿದ್ದಾಗ ಓದಿನ ವೇಗ ತಾನಾಗಿ ಬರುತ್ತದೆ.

ಕಾನೂನು ತರ್ಕದಲ್ಲಿ ಹೆಚ್ಚಿನವರು ಜಾರುವ ಜಾಗ ಬೈಕಿನ ಪ್ರಶ್ನೆಯದೇ. ಕೊಟ್ಟ ಭಾಗ ಏನು ಹೇಳುತ್ತದೋ ಅಷ್ಟಕ್ಕೇ ನಿಲ್ಲಬೇಕು. ನಿಮ್ಮ ನ್ಯಾಯಬುದ್ಧಿ, ಸಿನಿಮಾದಲ್ಲಿ ಕಂಡ ಕೋರ್ಟು, ಊರಿನ ಪಂಚಾಯಿತಿಯ ಅನುಭವ ಎಲ್ಲವೂ ಆ ಎರಡು ಗಂಟೆ ಹೊರಗಿರಬೇಕು. ಪ್ರಚಲಿತ ವಿದ್ಯಮಾನದಲ್ಲಿ ಮಾತ್ರ ಹೊರಗಿನ ಓದು ಬೇಕು, ಅಲ್ಲಿ ಕನ್ನಡ ದಿನಪತ್ರಿಕೆ ಪೂರ್ತಿ ನೆರವಾಗುತ್ತದೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದಕ್ಕಿಂತ ಹಳೆಯ ಗೈಡುಗಳನ್ನು ಅಗ್ಗಕ್ಕೆ ಸಿಗುತ್ತವೆಂದು ಕೊಳ್ಳಬೇಡಿ. ಗಣಿತ ಹತ್ತನೆಯ ತರಗತಿಯ ಮಟ್ಟದ್ದು. ಕಲಾ ವಿಭಾಗದವರು ಅದನ್ನು ಮುಟ್ಟದೆ ಬಿಟ್ಟರೆ ಹತ್ತಾರು ಅಂಕ ಕೈಬಿಟ್ಟಂತೆ.

ಕಾಲು ಅಂಕದ ಕಡಿತಕ್ಕೆ ಮಕ್ಕಳು ವಿಪರೀತ ಹೆದರುತ್ತಾರೆ. ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ತಪ್ಪೆಂದು ಗೊತ್ತಿದ್ದರೆ, ಉಳಿದೆರಡರಲ್ಲಿ ಒಂದನ್ನು ಗುರುತು ಮಾಡುವುದರಿಂದ ಸರಾಸರಿ ಲಾಭ 0.375 ಅಂಕ. ಬಿಟ್ಟರೆ ಸೊನ್ನೆ. ಅಲ್ಲಿ ನಿಜವಾದ ನಷ್ಟ ಸಮಯದ್ದು. ಒಂದೇ ಪ್ರಶ್ನೆಯ ಮೇಲೆ ನಾಲ್ಕು ನಿಮಿಷ ಕುಳಿತರೆ ಕೊನೆಯ ಗದ್ಯಭಾಗ ಓದದೆಯೇ ಉಳಿಯುತ್ತದೆ.

ಅರ್ಜಿಯ ವಿಷಯ. ಇತ್ತೀಚಿನ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ನಡೆಯುತ್ತಿದೆ. ಅಂದರೆ ಪಿಯುಸಿ ವಾರ್ಷಿಕ ಪರೀಕ್ಷೆಗಿಂತ ಮೊದಲು. ಪಿಯುಸಿ ಮುಗಿಸಿ ನೋಡೋಣ ಎನ್ನುವವರಿಗೆ ಆ ವರ್ಷ ಹೋದಂತೆಯೇ. ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 45 ಅಂಕ ಬೇಕು, ಪರಿಶಿಷ್ಟರಿಗೆ 40 ಸಾಕು, ವಯಸ್ಸಿನ ಮೇಲ್ಮಿತಿ ಇಲ್ಲ. ವ್ಯಾಸಂಗ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ಫಲಿತಾಂಶ ಬಂದ ಮೇಲೆ ಓಡಾಡುವುದು ಬೇಡ. ಹತ್ತು ವರ್ಷ ಓದಿದ್ದಕ್ಕೆ ಎರಡು ಮೂರು ಶಾಲೆಗಳಿಂದ ಬರೆಸಿಕೊಳ್ಳಬೇಕಾಗುತ್ತದೆ. ಮುಖ್ಯೋಪಾಧ್ಯಾಯರು ರಜೆಯಲ್ಲಿರುತ್ತಾರೆ, ಮೇಲುಸಹಿ ಹಾಕುವವರು ಸಭೆಯಲ್ಲಿರುತ್ತಾರೆ. ಕೌನ್ಸೆಲಿಂಗ್ ಯಾರಿಗಾಗಿಯೂ ಕಾಯುವುದಿಲ್ಲ. ಹಿಂದುಳಿದ ವರ್ಗದವರು ಇನ್ನೂ ಒಂದನ್ನು ನೋಡಿಕೊಳ್ಳಬೇಕು. ರಾಜ್ಯದ ಪಟ್ಟಿಯೂ ಕೇಂದ್ರದ ಪಟ್ಟಿಯೂ ಒಂದೇ ಅಲ್ಲ, ಯಾವ ವಿಶ್ವವಿದ್ಯಾಲಯ ಯಾವುದನ್ನು ಕೇಳುತ್ತದೆಂದು ಅರ್ಜಿ ತುಂಬುವ ಮೊದಲೇ ತಿಳಿದಿರಬೇಕು.

ಹಣದ ಮಾತು ಆಡಲೇಬೇಕು. ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೂ 3,500. ವಕೀಲರಾಗಿ ನೋಂದಾಯಿಸಿಕೊಳ್ಳಲು ಕಾಯ್ದೆ ಹೇಳುವ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಪಡೆಯಬಾರದೆಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳಿತು. ದುಬಾರಿ ಶುಲ್ಕ ಬಡವರನ್ನು ವೃತ್ತಿಯಿಂದ ಹೊರಗಿಡುತ್ತದೆ ಎಂಬುದು ಆ ತೀರ್ಪಿನ ತಿರುಳು. ವೃತ್ತಿಯ ಬಾಗಿಲಿಗೆ ಅನ್ವಯಿಸುವ ನ್ಯಾಯ ಶಾಲೆಯ ಬಾಗಿಲಿಗೇಕೆ ಇಲ್ಲ? ಇದನ್ನು ಕಾನೂನು ಬಲ್ಲವರೇ ಕೇಳಬೇಕು. ಕೌನ್ಸೆಲಿಂಗಿನ ಹಂತಕ್ಕೆ ಬಂದರೆ ಹತ್ತಾರು ಸಾವಿರ, ಸೀಟು ಸಿಕ್ಕರೆ ವರ್ಷಕ್ಕೆ ಲಕ್ಷಗಳು. ಶಮ್ನಾದ್ ಬಷೀರ್ ಅವರು 2010ರಲ್ಲಿ ಕಟ್ಟಿದ ಐಡಿಯಾ ಎಂಬ ಸಂಸ್ಥೆ ಬಡ ಕುಟುಂಬಗಳ ಮಕ್ಕಳನ್ನು ಗುರುತಿಸಿ ಈ ಪರೀಕ್ಷೆಗೆ ಸಿದ್ಧಪಡಿಸುತ್ತದೆ, ಸೀಟು ಸಿಕ್ಕ ಮೇಲೂ ಜೊತೆ ನಿಲ್ಲುತ್ತದೆ. ಸರ್ಕಾರಿ ಕಾಲೇಜುಗಳ ಅಧ್ಯಾಪಕರು ತಮ್ಮ ಮಕ್ಕಳಿಗೆ ಈ ಹೆಸರನ್ನು ತಿಳಿಸಿದರೆ ದೊಡ್ಡ ಉಪಕಾರ.

ಕ್ಲಾಟ್‌ನಲ್ಲಿ ರ‍್ಯಾಂಕ್ ಬಾರದಿದ್ದರೆ ಕಾನೂನಿನ ದಾರಿ ಮುಚ್ಚಿತೆಂದು ತಿಳಿಯುವುದು ದೊಡ್ಡ ತಪ್ಪು. 2009ರಲ್ಲಿ ಆರಂಭವಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ರಾಜ್ಯದ ಬಹುತೇಕ ಕಾನೂನು ಕಾಲೇಜುಗಳಿವೆ. ಅಲ್ಲಿ ಅಂಕಗಳ ಆಧಾರದಲ್ಲಿ ಪ್ರವೇಶ, ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಪಿಯುಸಿ ನಂತರ ಐದು ವರ್ಷದ ಪದವಿ, ಬೇರೆ ಪದವಿಯ ನಂತರ ಮೂರು ವರ್ಷದ ಪದವಿ, ಎರಡರಿಂದಲೂ ಒಂದೇ ಕರಿ ಕೋಟು. ಬೆಂಗಳೂರಿನ ಕಾನೂನು ಶಾಲೆಯೂ 2022ರಿಂದ ಮೂರು ವರ್ಷದ ಪದವಿಗೆ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತಿದೆ, ಅದರಲ್ಲಿ ಗುರುತು ಹಾಕುವುದರ ಜೊತೆಗೆ ಬರೆಯುವುದೂ ಇದೆ. ಕಾಲೇಜು ಆರಿಸುವಾಗ ವಕೀಲರ ಪರಿಷತ್ತಿನ ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂದು ನೋಡಿ, ಹಾಜರಾತಿ ಬೇಡ ಎನ್ನುವ ಕಾಲೇಜಿನಿಂದ ದೂರವಿರಿ. ನಿಯಮ ಕೇಳುವುದು ಶೇಕಡಾ 70 ಹಾಜರಾತಿ.

ನ್ಯಾಯಾಧೀಶರಾಗುವ ಆಸೆಯಿಂದ ಬರುವವರಿಗೆ ಒಂದು ಬದಲಾವಣೆ ತಿಳಿದಿರಲಿ. 2025ರ ಮೇ 20ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಿರಿಯ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಅನುಭವವನ್ನು ಮತ್ತೆ ಕಡ್ಡಾಯ ಮಾಡಿದೆ. ಓದಿನ ಐದು ವರ್ಷಕ್ಕೆ ಆ ಮೂರನ್ನೂ ಸೇರಿಸಿ ಮನೆಯವರೊಂದಿಗೆ ಮಾತನಾಡಿ. ನಮ್ಮ ರಾಜ್ಯದ ಆ ಹುದ್ದೆಯ ಮುಖ್ಯ ಪರೀಕ್ಷೆಯಲ್ಲಿ ಅನುವಾದದ್ದೇ ಒಂದು ಪತ್ರಿಕೆಯಿದೆ. ಸಾಕ್ಷಿ ಹೇಳಿಕೆ, ದಸ್ತಾವೇಜು, ತೀರ್ಪಿನ ಭಾಗಗಳನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ತರಬೇಕು. ಕಾನೂನು ಶಾಲೆಯ ಬಾಗಿಲಲ್ಲಿ ಅಡ್ಡಿಯಾದ ಕನ್ನಡ ಅಲ್ಲಿ ಅಂಕ ತರುತ್ತದೆ.

ಆ ಹುಡುಗಿ ಡಿಸೆಂಬರಿನಲ್ಲಿ ಪರೀಕ್ಷೆ ಬರೆದಳು. ರಾಷ್ಟ್ರೀಯ ಕಾನೂನು ಶಾಲೆಗೆ ಬೇಕಾದ ರ‍್ಯಾಂಕ್ ಬರಲಿಲ್ಲ. ಈಗ ಜಿಲ್ಲಾ ಕೇಂದ್ರದ ಕಾಲೇಜೊಂದರಲ್ಲಿ ಐದು ವರ್ಷದ ಪದವಿ ಓದುತ್ತಿದ್ದಾಳೆ. ಕಳೆದ ತಿಂಗಳು ಫೋನ್ ಮಾಡಿದವಳು ಕುಶಲ ಪ್ರಶ್ನೆಗಿಂತ ಮೊದಲು ಬೈಕಿನ ಮಾತು ತೆಗೆದಳು. ಗ್ರಂಥಾಲಯದಲ್ಲಿ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮ ಸಿಕ್ಕಿತಂತೆ. ಅದರ 33ನೆಯ ಕಲಮನ್ನು ಇಂಗ್ಲಿಷಿನಲ್ಲೇ ಎರಡು ಸಲ ಓದಿದಳಂತೆ. ಒಪ್ಪಂದಕ್ಕೆ ಅರ್ಹನಲ್ಲ ಎಂಬ ಕಾರಣದಿಂದ ದಾವೆ ಗೆದ್ದ ಪ್ರತಿವಾದಿ ಆ ಒಪ್ಪಂದದಿಂದ ಲಾಭ ಪಡೆದಿದ್ದರೆ, ಸಾಧ್ಯವಾದ ಮಟ್ಟಿಗೆ ಅದನ್ನು ಹಿಂದಿರುಗಿಸುವಂತೆ ನ್ಯಾಯಾಲಯ ಹೇಳಬಹುದು ಎಂದು ಅಲ್ಲಿದೆ. "ಸರ್, ಅವತ್ತು ಐದನೆಯ ಪ್ರಶ್ನೆಗೆ ನನಗೆ ಅಂಕ ಕೊಡಲಿಲ್ಲ ನೀವು" ಎಂದಳು.